ಏನೂ ಇಲ್ಲದ ದೇಶದಲ್ಲಿ ಇಪ್ಪತ್ತೆರಡು ದಿನ

ಬೇಸಿಗೆ ರಜೆಗೆ ಮುನ್ನಾದಿನ ಒಂಬತ್ತನೇ ತರಗತಿಯ ಗೋಡೆಗೆ ತೂಗುಹಾಕಿದ್ದ ಭೂಪಟದ ಮುಂದೆ ನಿಂತು, 'ಈ ರಜೆಯಲ್ಲಿ ನಾನು ಹೋಗುವುದು ಇಲ್ಲಿಗೆ' ಎಂದು ದಕ್ಷಿಣ ಅಮೆರಿಕದ ಮೇಲೆ ಬೆರಳಿಟ್ಟೆ. ಹುಡುಗರು 'ಬ್ರೆಜಿಲ್', 'ಅರ್ಜೆಂಟೀನಾ' ಎಂದು ಕೂಗಿದರು. ಎರಡೂ ಅಲ್ಲ. ಅವೆರಡರ ನಡುವೆ ನನ್ನ ಬೆರಳಿನ ತುದಿಗೇ ಮುಚ್ಚಿಹೋಗಿದ್ದ ಉರುಗ್ವೆ. ಮುಂದಿನ ಬೆಂಚಿನ ಹುಡುಗಿಯೊಬ್ಬಳು ಎದ್ದು ನಿಂತು, 'ಅಲ್ಲಿ ನೋಡೋದಕ್ಕೆ ಏನಿದೆ ಸಾರ್?' ಎಂದಳು. ಇಪ್ಪತ್ತೆಂಟು ವರ್ಷ ಪಾಠ ಹೇಳಿದವನಿಗೆ ಉತ್ತರ ತೋಚಲಿಲ್ಲ. 'ಏನೂ ಇಲ್ಲಮ್ಮ, ನನ್ನ ಮಗಳಿದ್ದಾಳೆ' ಎಂದೆ. ತರಗತಿಯೇ ನಕ್ಕಿತು.

ನಾನು ಹೇಳಿದ್ದರಲ್ಲಿ ಪೂರ್ತಿ ಸುಳ್ಳೇನೂ ಇರಲಿಲ್ಲ. ದಕ್ಷಿಣ ಅಮೆರಿಕ ಎಂದೊಡನೆ ನಮಗೆ ನೆನಪಾಗುವ ಆಂಡೀಸ್ ಪರ್ವತ ಅಲ್ಲಿಲ್ಲ, ಅಮೆಜಾನ್ ಕಾಡಿಲ್ಲ. ದೇಶದ ಅತಿ ಎತ್ತರದ ಗುಡ್ಡ 514 ಮೀಟರ್. ನಮ್ಮ ಮುಳ್ಳಯ್ಯನಗಿರಿಯ ಮೂರನೇ ಒಂದು ಭಾಗಕ್ಕೂ ಕಡಿಮೆ. ಪೆಟ್ರೋಲಿಯಂ ಇಲ್ಲ, ಕಲ್ಲಿದ್ದಲಿಲ್ಲ. ವಿಸ್ತೀರ್ಣ ಸುಮಾರು 1,76,000 ಚದರ ಕಿಲೋಮೀಟರ್, ಅಂದರೆ ಕರ್ನಾಟಕಕ್ಕಿಂತ ತುಸು ಚಿಕ್ಕದು. ಜನಸಂಖ್ಯೆ ಮಾತ್ರ ಸುಮಾರು 35 ಲಕ್ಷ. ಇಡೀ ದೇಶದ ಜನರನ್ನು ಬೆಂಗಳೂರಿಗೆ ತಂದು ಬಿಟ್ಟರೂ ಬೆಂಗಳೂರಿನವರೇ ಹೆಚ್ಚು. ಅಲ್ಲಿ ಮನುಷ್ಯರಿಗಿಂತ ದನಗಳೇ ಮೂರು ಪಟ್ಟಿಗೂ ಹೆಚ್ಚು. ಫುಟ್‌ಬಾಲ್ ಬಲ್ಲವರಿಗಷ್ಟೇ ಈ ಹೆಸರು ಪರಿಚಿತ. ಮೊಟ್ಟಮೊದಲ ವಿಶ್ವಕಪ್ 1930ರಲ್ಲಿ ನಡೆದದ್ದು ಇದರ ರಾಜಧಾನಿ ಮಾಂಟೆವಿಡಿಯೊದಲ್ಲೇ. ಗೆದ್ದದ್ದೂ ಇದೇ ದೇಶ.

ಭಾರತದ ಸಾಫ್ಟ್‌ವೇರ್ ಕಂಪನಿಗಳಿಗೆ 2002ರಿಂದಲೇ ಮಾಂಟೆವಿಡಿಯೊ ಗೊತ್ತು. ಅಂಥ ಕೆಲಸದ ಮೇಲೆಯೇ ನನ್ನ ಮಗಳು ಅಲ್ಲಿಗೆ ಹೋಗಿ ನೆಲೆಸಿದ್ದಳು. ಬೆಂಗಳೂರಿನಿಂದ ಹೊರಟು, ದಾರಿಯಲ್ಲಿ ಎರಡು ಕಡೆ ವಿಮಾನ ಬದಲಿಸಿ, ನಾನೂ ನನ್ನ ಹೆಂಡತಿಯೂ ಅಲ್ಲಿ ಇಳಿದಾಗ ಕೈಗಡಿಯಾರ ಎಂಟೂವರೆ ಗಂಟೆ ಹಿಂದಕ್ಕೆ ಹೋಗಿತ್ತು.

ಉತ್ತರಕ್ಕೆ ಬಂದ ಸೂರ್ಯ

ಮೊದಲ ದಿನ ನನ್ನನ್ನು ತಬ್ಬಿಬ್ಬುಗೊಳಿಸಿದವನು ಸೂರ್ಯ. ಮನೆಯಿಂದ ಹೊರಬಿದ್ದು ದಿಕ್ಕು ಗುರುತಿಸಲು ಹೋದರೆ ಎಲ್ಲವೂ ತಿರುಗುಮುರುಗು. ಅಲ್ಲಿ ಸೂರ್ಯ ಪೂರ್ವದಲ್ಲೇ ಹುಟ್ಟುತ್ತಾನೆ, ಆದರೆ ಉತ್ತರದ ಆಕಾಶದಲ್ಲಿ ಸಾಗುತ್ತಾನೆ. ಅವನತ್ತ ಮುಖ ಮಾಡಿ ನಿಂತರೆ ಬಲದಿಂದ ಎಡಕ್ಕೆ ಅವನ ಪ್ರಯಾಣ. ಮಾಂಟೆವಿಡಿಯೊದಲ್ಲಿ ಉತ್ತರಾಭಿಮುಖ ಮನೆಗೆ ಬೇಡಿಕೆ ಹೆಚ್ಚು. ಚಳಿಗಾಲದಲ್ಲಿ ಬಿಸಿಲು ಒಳಗೆ ಬರಬೇಕಲ್ಲ!

ವಿದ್ಯಾರ್ಥಿಗಳು ಒಂದು ಲೆಕ್ಕ ಗಮನಿಸಬೇಕು. ಏಪ್ರಿಲ್ 24ರ ಸುಮಾರಿಗೆ ಬೆಂಗಳೂರಿನಲ್ಲಿ ನಡುಮಧ್ಯಾಹ್ನ ಸೂರ್ಯ ನೆತ್ತಿಯ ಮೇಲೆ ಬರುತ್ತಾನೆ. ನೆಲಕ್ಕೆ ನೆಟ್ಟ ಕೋಲಿಗೆ ನೆರಳೇ ಇರುವುದಿಲ್ಲ. ಅದೇ ವಾರ ಮಾಂಟೆವಿಡಿಯೊದ ಉದ್ಯಾನದಲ್ಲಿ ನಾನು ಒಂದು ಮೀಟರ್ ಉದ್ದದ ಕೋಲನ್ನು ನಿಲ್ಲಿಸಿದೆ. ಹನ್ನೆರಡೂ ಮುಕ್ಕಾಲರ ಹೊತ್ತಿಗೆ ಅದರ ನೆರಳು ದಿನದ ಅತಿ ಕಿರಿದಾಯಿತು. ಅಳೆದರೆ ಸುಮಾರು 110 ಸೆಂಟಿಮೀಟರ್, ನೇರ ದಕ್ಷಿಣಕ್ಕೆ. ಕೋನ ಲೆಕ್ಕ ಹಾಕಿದರೆ ಸೂರ್ಯ ನೆತ್ತಿಯಿಂದ ಸುಮಾರು 48 ಡಿಗ್ರಿ ವಾಲಿದ್ದಾನೆ. ಬೆಂಗಳೂರು 13 ಡಿಗ್ರಿ ಉತ್ತರ ಅಕ್ಷಾಂಶ, ಮಾಂಟೆವಿಡಿಯೊ ಸುಮಾರು 35 ಡಿಗ್ರಿ ದಕ್ಷಿಣ; ಕೂಡಿದರೆ 48! ದಾರಿಹೋಕರು ಕುತೂಹಲದಿಂದ ನೋಡುತ್ತಿದ್ದರು. ನನ್ನ ಹೆಂಡತಿ 'ಇಲ್ಲಿಗೆ ಬಂದೂ ಪಾಠವೇ' ಎಂದು ದೂರದ ಬೆಂಚಿಗೆ ಹೋಗಿ ಕೂತಳು.

ರಾತ್ರಿ ಧ್ರುವ ನಕ್ಷತ್ರ ಇಲ್ಲ. ಅದು ದಿಗಂತದ ಕೆಳಗೆ. ಅದರ ಬದಲು ತ್ರಿಶಂಕು. ನಮ್ಮೂರಿನಲ್ಲಿ ಏಪ್ರಿಲ್-ಮೇ ರಾತ್ರಿಗಳಲ್ಲಿ ದಕ್ಷಿಣ ದಿಗಂತದ ಹತ್ತಿರ ಮಬ್ಬಾಗಿ ಕಾಣುವ ಈ ಶಿಲುಬೆಯಾಕಾರದ ಪುಂಜ ಅಲ್ಲಿ ಬಲು ಎತ್ತರದಲ್ಲಿ ಬೆಳಗುತ್ತದೆ, ವರ್ಷವಿಡೀ ಮುಳುಗುವುದೇ ಇಲ್ಲ. ಅದರ ಉದ್ದನೆಯ ತೋಳನ್ನು ನಾಲ್ಕೂವರೆ ಪಟ್ಟು ಮುಂದಕ್ಕೆ ಎಳೆದರೆ ದಕ್ಷಿಣ ಧ್ರುವಬಿಂದು ಸಿಗುತ್ತದೆ.

ಸೋರೆಬುರುಡೆಯ ಕಷಾಯ

ಮಾಂಟೆವಿಡಿಯೊದ ದಕ್ಷಿಣ ಅಂಚಿನುದ್ದಕ್ಕೂ 20 ಕಿಲೋಮೀಟರಿಗೂ ಉದ್ದದ ರಸ್ತೆಯಿದೆ. 'ರಾಂಬ್ಲಾ' ಎನ್ನುತ್ತಾರೆ. ಒಂದು ಬದಿ ಊರು, ಇನ್ನೊಂದು ಬದಿ ಕಣ್ಣು ಹಾಯುವಷ್ಟೂ ಕಂದು ಬಣ್ಣದ ನೀರು. ನಾನು ಸಮುದ್ರವೆಂದೇ ತಿಳಿದೆ. 'ಸಮುದ್ರ ಅಲ್ಲಪ್ಪ, ನದಿ' ಎಂದಳು ಮಗಳು. ರಿಯೊ ಡಿ ಲಾ ಪ್ಲಾಟಾ, ಎಂದರೆ ಬೆಳ್ಳಿಯ ನದಿ. ಪರಾನಾ ಮತ್ತು ಉರುಗ್ವೆ ನದಿಗಳು ಕೂಡಿ ಆದ ಈ ಅಳಿವೆ ಸಮುದ್ರ ಸೇರುವಲ್ಲಿ ಸುಮಾರು 220 ಕಿಲೋಮೀಟರ್ ಅಗಲ. ಸಿಹಿನೀರು, ಉಪ್ಪುನೀರು ಇಲ್ಲಿ ಬೆರೆಯುತ್ತವೆ. ಈ ಮಾತನ್ನು ನೆನಪಿಟ್ಟುಕೊಳ್ಳಿ, ಮುಂದೆ ಬೇಕಾಗುತ್ತದೆ.

ಸಂಜೆಯಾದರೆ ಊರಿಗೆ ಊರೇ ರಾಂಬ್ಲಾಕ್ಕೆ ಬರುತ್ತದೆ. ಪ್ರತಿಯೊಬ್ಬರ ಕಂಕುಳಲ್ಲೂ ಬಿಸಿನೀರಿನ ಫ್ಲಾಸ್ಕು, ಕೈಯಲ್ಲಿ ಸೋರೆಬುರುಡೆ. ಅದರಲ್ಲಿ 'ಮಾತೆ' ಎಂಬ ಒಣ ಎಲೆಯ ಪುಡಿ ತುಂಬಿ, ಬಿಸಿನೀರು ಹೊಯ್ದು, ಲೋಹದ ಕೊಳವೆಯಿಂದ ಹೀರುತ್ತಾರೆ. ಚಹಾದಂತೆ ಇದರಲ್ಲೂ ಕೆಫೀನ್ ಉಂಟು, ರುಚಿ ಮಾತ್ರ ಬೇವಿನ ಕಷಾಯದ ನೆಂಟ. ಒಂದೇ ಬುರುಡೆ ಗೆಳೆಯರ ನಡುವೆ ಕೈಯಿಂದ ಕೈಗೆ ಹೋಗುತ್ತದೆ. ಗಲಾಟೆಯಿಲ್ಲ, ಅವಸರವಿಲ್ಲ. ಈ ರಸ್ತೆಯ ಒಂದು ಭಾಗಕ್ಕೆ ಮಹಾತ್ಮ ಗಾಂಧಿಯವರ ಹೆಸರಿಟ್ಟಿದ್ದಾರೆ. ಫಲಕದಲ್ಲಿ ಆ ಹೆಸರು ಓದಿದಾಗ ಆದ ಸಂತೋಷವನ್ನು ಬೇರೆ ಹೇಳಬೇಕಿಲ್ಲ.

ಗಾಂಧೀಜಿಯ ಹೆಸರಿಗೆ ಸಲ್ಲುವಂಥ ಸರಳತೆಯೂ ಅಲ್ಲಿ ಕಂಡದ್ದುಂಟು. 2010ರಿಂದ 2015ರವರೆಗೆ ಅಧ್ಯಕ್ಷರಾಗಿದ್ದ ಹೋಸೆ ಮುಹಿಕಾ ಅರಮನೆಯಂಥ ನಿವಾಸ ಬಿಟ್ಟು ತಮ್ಮ ಹಳೆಯ ತೋಟದ ಮನೆಯಲ್ಲೇ ಇದ್ದರು. 1987ರ ಹಳೇ ಫೋಕ್ಸ್‌ವ್ಯಾಗನ್ ಕಾರು ಓಡಿಸುತ್ತ, ಸಂಬಳದ ಬಹುಭಾಗವನ್ನು ದಾನ ಮಾಡುತ್ತಿದ್ದರು. ಯೌವನದಲ್ಲಿ ಅವರು ಹಿಡಿದದ್ದು ಗಾಂಧೀಮಾರ್ಗವಲ್ಲ, ಬಂದೂಕು. 1973ರಿಂದ 1985ರವರೆಗೆ ದೇಶವನ್ನಾಳಿದ ಸೇನಾ ಸರ್ವಾಧಿಕಾರದ ಕಾಲವನ್ನೆಲ್ಲ ಜೈಲಿನಲ್ಲಿ ಕಳೆದು ಬಂದವರು. 2025ರ ಮೇ ತಿಂಗಳಲ್ಲಿ ತೀರಿಕೊಂಡರು. ಆ ದೇಶದ ಶಾಂತಿ ಪುಕ್ಕಟೆ ಬಂದದ್ದಲ್ಲ ಎಂಬುದನ್ನೂ ನೆನಪಿಡಬೇಕು.

ಮಾಂಸವೇ ಮುಖ್ಯ ಆಹಾರವಾದ ನಾಡಿನಲ್ಲಿ ನಮ್ಮಂಥ ಸಸ್ಯಾಹಾರಿಗಳ ಗತಿಯೇನು? ನಮ್ಮನ್ನು ಕಾಪಾಡಿದ್ದು 'ಫೈನಾ'. ಕಡಲೆಹಿಟ್ಟು ಕಲಸಿ, ಎಣ್ಣೆ ಉಪ್ಪು ಹಾಕಿ, ದೊಡ್ಡ ತಟ್ಟೆಯಲ್ಲಿ ಹೊಯ್ದು ಒಲೆಯಲ್ಲಿ ಬೇಯಿಸಿದ ದಪ್ಪ ದೋಸೆ. ಇಟಲಿಯ ವಲಸೆಗಾರರು ತಂದದ್ದು. ನನ್ನ ಹೆಂಡತಿ ಒಂದು ತುಂಡು ಬಾಯಿಗಿಟ್ಟು, 'ಇಂಗು ಬಿದ್ದಿದ್ದರೆ ನಮ್ಮದೇ' ಎಂದು ತೀರ್ಪು ಕೊಟ್ಟಳು.

ಲೀಬಿಗ್ ಮೇಷ್ಟ್ರ ಕಾರ್ಖಾನೆ

ಎರಡನೇ ವಾರ ಮಗಳಿಗೆ ರಜೆ ಸಿಕ್ಕಿತು. ಬಸ್ಸಿನಲ್ಲಿ ಪಶ್ಚಿಮಕ್ಕೆ ಹೊರಟೆವು. 1680ರಲ್ಲಿ ಪೋರ್ಚುಗೀಸರು ಕಟ್ಟಿದ ಕೊಲೋನಿಯಾ ಎಂಬ ಚೆಂದದ ಊರಿನಲ್ಲಿ ಕಲ್ಲುಹಾಸಿನ ಬೀದಿಗಳಲ್ಲಿ ಒಂದು ದಿನ ಅಡ್ಡಾಡಿ, ಅಲ್ಲಿಂದ ಉತ್ತರಕ್ಕೆ ಉರುಗ್ವೆ ನದಿಯ ದಂಡೆಯ ಫ್ರಾಯ್ ಬೆಂಟೋಸ್‌ಗೆ ಹೋದೆವು. ಕಿಟಕಿಯಾಚೆ ಗಂಟೆಗಟ್ಟಲೆ ಒಂದೇ ನೋಟ: ಅಲೆಯಲೆಯಾದ ಹುಲ್ಲುಗಾವಲು, ದನ, ನೀಲಗಿರಿ ತೋಪು, ಮತ್ತೆ ಹುಲ್ಲುಗಾವಲು.

ಫ್ರಾಯ್ ಬೆಂಟೋಸ್‌ಗೆ ಹೋಗೋಣವೆಂದು ಹಠ ಹಿಡಿದವನು ನಾನೇ. ಕಾರಣ, ಒಂದು ಗಾಜಿನ ಕೊಳವೆ. ವಿಜ್ಞಾನ ಓದಿದವರೆಲ್ಲ ಪ್ರಯೋಗಾಲಯದಲ್ಲಿ ಆಸವನ ಮಾಡುವಾಗ ಲೀಬಿಗ್ ಕಂಡೆನ್ಸರ್ ಬಳಸಿರುತ್ತೀರಿ. ಅದೇ ಜರ್ಮನ್ ರಸಾಯನ ವಿಜ್ಞಾನಿ ಯುಸ್ಟುಸ್ ಫಾನ್ ಲೀಬಿಗ್ ಮಾಂಸವನ್ನು ಕುದಿಸಿ ಬತ್ತಿಸಿ ದಪ್ಪ ರಸವಾಗಿ ಮಾಡುವ ವಿಧಾನ ಕಂಡುಹಿಡಿದಿದ್ದ. ಒಂದು ಕಿಲೋ ರಸಕ್ಕೆ ಸುಮಾರು 30 ಕಿಲೋ ಮಾಂಸ ಬೇಕು; ಯುರೋಪಿನಲ್ಲಿ ಅದು ಕೈಗೆಟುಕುವ ಮಾತಲ್ಲ. ಉರುಗ್ವೆಯಲ್ಲಾದರೋ ಆಗ ದನಗಳನ್ನು ಚರ್ಮಕ್ಕಾಗಿ ಕೊಂದು ಮಾಂಸವನ್ನು ಹಾಗೆಯೇ ಬಿಸಾಡುತ್ತಿದ್ದರು. ಗೀಬರ್ಟ್ ಎಂಬ ಜರ್ಮನ್ ಎಂಜಿನಿಯರ್ ಇದನ್ನು ಕಂಡು ಲೀಬಿಗ್‌ನಿಗೆ ಪತ್ರ ಬರೆದ. 1865ರಲ್ಲಿ ಲಂಡನ್ನಿನಲ್ಲಿ ಕಂಪನಿ ಸ್ಥಾಪನೆಯಾಯಿತು. ಮಾಂಸರಸ, ಆಮೇಲೆ ಡಬ್ಬಿಯಲ್ಲಿಟ್ಟ ಮಾಂಸ ಇಲ್ಲಿಂದ ಜಗತ್ತಿಗೆಲ್ಲ ಹೋಯಿತು. ಎರಡೂ ಮಹಾಯುದ್ಧಗಳಲ್ಲಿ ಬ್ರಿಟಿಷ್ ಸೈನಿಕರ ಹೊಟ್ಟೆ ತುಂಬಿಸಿದ್ದು ಈ ಊರು. ದನದ 'ಅಂಬಾ' ಎಂಬ ಕೂಗೊಂದನ್ನು ಬಿಟ್ಟು ಇಲ್ಲಿ ಮಿಕ್ಕದ್ದೆಲ್ಲ ಬಳಕೆಯಾಗುತ್ತಿತ್ತು ಎಂದು ಅಲ್ಲಿಯವರು ಹೇಳುತ್ತಾರೆ. 1979ರಲ್ಲಿ ಮುಚ್ಚಿದ ಆ ಕಾರ್ಖಾನೆ ಈಗ ವಸ್ತುಸಂಗ್ರಹಾಲಯ. 2015ರಿಂದ ವಿಶ್ವ ಪರಂಪರೆಯ ತಾಣ. ತುಕ್ಕು ಹಿಡಿದ ಯಂತ್ರಗಳ ನಡುವೆ ನಡೆಯುವಾಗ ನಮ್ಮಂಥವರಿಗೆ ಸಂಕಟವಾಗದಿರದು. ಆದರೂ ನೋಡಬೇಕಾದ ಜಾಗ.

ತಮಾಷೆಯೆಂದರೆ, ಆ ಮಾಂಸರಸ ಮಹಾ ಪೌಷ್ಟಿಕವೆಂದು ಲೀಬಿಗ್ ನಂಬಿದ್ದು ತಪ್ಪಾಗಿತ್ತು. ಅದರಲ್ಲಿ ರುಚಿ ಇತ್ತು, ಲವಣಗಳಿದ್ದವು, ಪ್ರೋಟೀನು ಅತ್ಯಲ್ಪ. ಅವನ ಕಾಲದ ವಿಜ್ಞಾನಿಗಳೇ ಅದನ್ನು ಪ್ರಶ್ನಿಸಿದರು. ದೊಡ್ಡವರೂ ತಪ್ಪುತ್ತಾರೆ, ಪ್ರಯೋಗ ಮಾತ್ರ ಅವರನ್ನು ತಿದ್ದುತ್ತದೆ.

ಗಿಡ್ಡ ಹಲಗೆ

ಲೀಬಿಗ್ ಪ್ರಚಾರ ಮಾಡಿದ ಇನ್ನೊಂದು ಮಾತು ಮಾತ್ರ ಇಂದಿಗೂ ನಿಂತಿದೆ. ಕಾರ್ಲ್ ಸ್ಪ್ರೆಂಗೆಲ್ ಎಂಬಾತ ಮೊದಲು ಹೇಳಿದ್ದ ಅದನ್ನು 'ಕನಿಷ್ಠದ ನಿಯಮ' ಎನ್ನುತ್ತಾರೆ. ಗಿಡದ ಬೆಳವಣಿಗೆ ಹೇರಳವಾಗಿರುವ ಗೊಬ್ಬರದಿಂದ ನಿರ್ಧಾರವಾಗುವುದಿಲ್ಲ, ಅತ್ಯಂತ ಕೊರತೆಯಿರುವ ಪೋಷಕಾಂಶದಿಂದ ನಿರ್ಧಾರವಾಗುತ್ತದೆ. ಪುಸ್ತಕಗಳಲ್ಲಿ ಇದಕ್ಕೊಂದು ಮರದ ಪೀಪಾಯಿಯ ಚಿತ್ರ ಹಾಕುತ್ತಾರೆ. ಹಲಗೆಗಳಲ್ಲಿ ಒಂದು ಗಿಡ್ಡವಾಗಿದ್ದರೆ ಉಳಿದವು ಎಷ್ಟೇ ಉದ್ದವಿರಲಿ, ನೀರು ನಿಲ್ಲುವುದು ಆ ಗಿಡ್ಡ ಹಲಗೆಯ ಮಟ್ಟಕ್ಕೆ ಮಾತ್ರ.

ಮರಳುವ ದಾರಿಯಲ್ಲಿ ಬಸ್ಸಿನ ಕಿಟಕಿಯಿಂದ ಗುಡ್ಡಗಳ ಮೇಲೆ ಸಾಲಾಗಿ ನಿಂತ ಬಿಳಿಯ ಗಾಳಿಯಂತ್ರಗಳನ್ನು ನೋಡುವಾಗ ಈ ಪೀಪಾಯಿ ನೆನಪಾಯಿತು. ಉರುಗ್ವೆಯ ಗಿಡ್ಡ ಹಲಗೆ ಇಂಧನವಾಗಿತ್ತು. ನದಿಗಳಿಗೆ ಅಣೆಕಟ್ಟು ಕಟ್ಟಿ ಜಲವಿದ್ಯುತ್ ಪಡೆಯುತ್ತಿದ್ದರು. ಮಳೆ ಕೈಕೊಟ್ಟ ವರ್ಷ ತೈಲವನ್ನೂ ನೆರೆದೇಶಗಳ ವಿದ್ಯುತ್ತನ್ನೂ ದುಬಾರಿ ಬೆಲೆಗೆ ಕೊಳ್ಳಬೇಕಿತ್ತು. 2008ರಲ್ಲಿ ಸರ್ಕಾರ ರಾಮೋನ್ ಮೆಂಡೆಸ್ ಎಂಬ ಭೌತವಿಜ್ಞಾನದ ಪ್ರಾಧ್ಯಾಪಕರನ್ನು ಇಂಧನ ನಿರ್ದೇಶಕರನ್ನಾಗಿ ನೇಮಿಸಿತು. ಕಣ ಭೌತವಿಜ್ಞಾನ ಅವರ ವಿಷಯ, ಆಡಳಿತದ ಅನುಭವವಿರಲಿಲ್ಲ. ಅವರ ಯೋಜನೆಗೆ 2010ರಲ್ಲಿ ಆಳುವ ಪಕ್ಷ, ವಿರೋಧ ಪಕ್ಷಗಳೆಲ್ಲ ಸಹಿ ಹಾಕಿದವು. ಗಾಳಿಯಂತ್ರ ನಿಲ್ಲಿಸಿದವರಿಂದ ಸರ್ಕಾರಿ ವಿದ್ಯುತ್ ಸಂಸ್ಥೆ 20 ವರ್ಷ ನಿಗದಿತ ಬೆಲೆಗೆ ವಿದ್ಯುತ್ ಕೊಳ್ಳುವ ಭರವಸೆ ಕೊಟ್ಟಿತು. ಹತ್ತು ವರ್ಷದೊಳಗೆ ಚಿತ್ರವೇ ಬದಲಾಯಿತು. ಈಗ ಸಾಮಾನ್ಯ ಮಳೆಯ ವರ್ಷಗಳಲ್ಲಿ ಆ ದೇಶದ ವಿದ್ಯುತ್ತಿನ ಶೇಕಡ 90ಕ್ಕೂ ಹೆಚ್ಚು ಭಾಗ ನೀರು, ಗಾಳಿ, ಬಿಸಿಲು ಮತ್ತು ಸಸ್ಯಜನ್ಯ ತ್ಯಾಜ್ಯದಿಂದ ಬರುತ್ತದೆ.

ಇದರಲ್ಲಿರುವ ಜಾಣ್ಮೆ ನೋಡಿ. ಗಾಳಿಯನ್ನು ಕೂಡಿಡಲಾಗದು, ನೀರನ್ನು ಕೂಡಿಡಬಹುದು. ಗಾಳಿ ಬೀಸುವಾಗ ಅಣೆಕಟ್ಟಿನ ಟರ್ಬೈನುಗಳನ್ನು ನಿಲ್ಲಿಸಿ ನೀರು ಉಳಿಸುತ್ತಾರೆ. ಗಾಳಿ ನಿಂತಾಗ ಅದೇ ನೀರನ್ನು ಹರಿಯಬಿಡುತ್ತಾರೆ. ಅಣೆಕಟ್ಟೇ ಬ್ಯಾಟರಿ. ಚಿತ್ರದುರ್ಗದ ಗಾಳಿಯಂತ್ರಗಳನ್ನೂ ಶರಾವತಿಯ ಅಣೆಕಟ್ಟನ್ನೂ ಕಂಡಿರುವ ನಮ್ಮ ಮಕ್ಕಳಿಗೆ ಇದು ಸುಲಭವಾಗಿ ತಿಳಿದೀತು. ಹಾಗೆಂದು ಅಲ್ಲಿ ಕರೆಂಟು ಅಗ್ಗವೇನಲ್ಲ. ಒಟ್ಟಾರೆ ಬದುಕೇ ತುಟ್ಟಿ.

ಬಿಳಿ ನಿಲುವಂಗಿ, ನೀಲಿ ಬೋ

ದಾರಿಯ ಸಣ್ಣ ಊರೊಂದರಲ್ಲಿ ಬಸ್ಸು ಬದಲಿಸಲು ಇಳಿದಾಗ ಎದುರಿಗೇ ಪ್ರಾಥಮಿಕ ಶಾಲೆ. ಮಕ್ಕಳೆಲ್ಲ ವೈದ್ಯರ ಕೋಟಿನಂಥ ಬಿಳಿ ನಿಲುವಂಗಿ ತೊಟ್ಟು, ಕೊರಳಿಗೆ ದೊಡ್ಡ ನೀಲಿ ಬೋ ಕಟ್ಟಿದ್ದರು. ಒಳಗಿನ ಅಂಗಿ ಹೊಸದೋ ಹರಿದದ್ದೋ ಯಾರಿಗೂ ಕಾಣದು. ಒಬ್ಬ ಹುಡುಗ 'ಮಾಯೆಸ್ತ್ರಾ' ಎಂದು ಕೂಗಿದ. ನನ್ನ ಕಿವಿಗೆ ಅದು 'ಮೇಷ್ಟ್ರೇ' ಎಂದೇ ಕೇಳಿ ನಾನೇ ತಿರುಗಿ ನೋಡಿದೆ! ಮಾಸ್ಟರ್, ಮಾಯೆಸ್ತ್ರಾ ಎರಡೂ ಲ್ಯಾಟಿನ್ನಿನ ಒಂದೇ ತಾಯಿಬೇರಿನ ಪದಗಳು. ಹೊರಬಂದ ಶಿಕ್ಷಕಿಗೆ ಮಗಳು ಸ್ಪ್ಯಾನಿಷಿನಲ್ಲಿ ನನ್ನ ಕಸುಬು ಹೇಳಿದಳು. ಆಕೆ ನಕ್ಕು ಮೊದಲು ಕೇಳಿದ್ದು, 'ನಿಮ್ಮ ತರಗತಿಯಲ್ಲಿ ಮಕ್ಕಳೆಷ್ಟು?' 'ಐವತ್ತೆಂಟು' ಎಂದೆ. ಆಕೆಯ ಕೈ ಎದೆಗೆ ಹೋಯಿತು.

ಉರುಗ್ವೆಯಲ್ಲಿ ಉಚಿತ ಮತ್ತು ಕಡ್ಡಾಯ ಶಿಕ್ಷಣದ ಕಾನೂನು ಬಂದದ್ದು 1877ರಲ್ಲಿ. ಅದರ ಹಿಂದಿದ್ದವನು ಹೋಸೆ ಪೆದ್ರೊ ವರೇಲಾ. ಮುವ್ವತ್ತನಾಲ್ಕನೇ ವಯಸ್ಸಿಗೆ ತೀರಿಕೊಂಡ ಆತ ಅಷ್ಟರಲ್ಲೇ ಬಡವ ಬಲ್ಲಿದರ ಮಕ್ಕಳು ಒಂದೇ ಬೆಂಚಿನಲ್ಲಿ ಕೂಡುವಂತೆ ಮಾಡಿ ಹೋದ. ಸರ್ಕಾರಿ ವಿಶ್ವವಿದ್ಯಾಲಯದಲ್ಲಿ ಪದವಿಗೂ ಶುಲ್ಕವಿಲ್ಲ. 2007ರಲ್ಲಿ ಕಾರ್ದಾಲ್ ಎಂಬ ಹೈನುಗಾರಿಕೆಯ ಸಣ್ಣ ಊರಿನಿಂದ ಆರಂಭಿಸಿ, 2009ರೊಳಗೆ ಸರ್ಕಾರಿ ಪ್ರಾಥಮಿಕ ಶಾಲೆಯ ಪ್ರತಿ ಮಗುವಿಗೂ ಲ್ಯಾಪ್‌ಟಾಪ್ ಕೊಟ್ಟರು. 2020ರ ಕೊರೊನಾ ಕಾಲದಲ್ಲಿ ಶಾಲೆ ಮುಚ್ಚಿದಾಗ ಅದು ನೆರವಿಗೆ ಬಂತು. ಯೋಜನೆಯ ಹೆಸರು 'ಸೆಯಿಬಾಲ್'. 'ಸೆಯಿಬೊ' ಅವರ ರಾಷ್ಟ್ರೀಯ ಪುಷ್ಪ. ಕೆಂಪು ಹೂವಿನ ಆ ಮರ, ನಮ್ಮ ಕಾಫಿತೋಟಗಳಲ್ಲಿ ಮೆಣಸಿನ ಬಳ್ಳಿ ಹಬ್ಬಿಸುವ ಹಾಲಿವಾಣದ ಕುಲದ್ದೇ.

ಇಲ್ಲೂ ಒಂದು ಗಿಡ್ಡ ಹಲಗೆ ಇದೆ. ಪ್ರಾಥಮಿಕ ಶಾಲೆಗೆ ಎಲ್ಲರೂ ಬರುತ್ತಾರೆ, ಪ್ರೌಢಶಿಕ್ಷಣದ ಕೊನೆಯವರೆಗೆ ಅನೇಕರು ತಲುಪುವುದಿಲ್ಲ. ಬಡ ಮನೆಯ ಮಕ್ಕಳೇ ಹೆಚ್ಚಾಗಿ ನಡುವೆ ಬಿಡುವವರು. ಲ್ಯಾಪ್‌ಟಾಪ್ ಕೊಟ್ಟ ಮಾತ್ರಕ್ಕೆ ಆ ಹಲಗೆ ಉದ್ದವಾಗಲಿಲ್ಲ ಎಂದು ಆ ಶಿಕ್ಷಕಿಯೇ ಮುಚ್ಚುಮರೆಯಿಲ್ಲದೆ ಹೇಳಿದರು.

ಉಪ್ಪಾದ ಕಾಫಿ

2023ರಲ್ಲಿ ಮಗಳು ಅಲ್ಲಿಗೆ ಹೋದ ಹೊಸತರಲ್ಲಿ ಒಂದು ದಿನ ಫೋನು ಮಾಡಿ, 'ಅಪ್ಪ, ಕಾಫಿ ಉಪ್ಪಾಗಿದೆ' ಎಂದಿದ್ದಳು. ಸಕ್ಕರೆಯ ಬದಲು ಉಪ್ಪು ಹಾಕಿಕೊಂಡಿರಬೇಕೆಂದು ನಾನು ನಗಾಡಿದ್ದೆ. ಸಂಗತಿ ಹಾಗಿರಲಿಲ್ಲ.

ಮೂರು ವರ್ಷ ಮಳೆ ಕಡಿಮೆಯಾಗಿ ರಾಜಧಾನಿಗೆ ನೀರುಣಿಸುವ ಪಾಸೊ ಸೆವೆರೀನೊ ಜಲಾಶಯ ಬತ್ತಿಹೋಗಿತ್ತು. ಬೇರೆ ದಾರಿ ಕಾಣದೆ ಅಳಿವೆಯ ಹತ್ತಿರದ ಉಪ್ಪುಮಿಶ್ರಿತ ನೀರನ್ನು ನಲ್ಲಿಗೆ ಬೆರೆಸಿದರು. ನಾನು ನೆನಪಿಟ್ಟುಕೊಳ್ಳಿ ಎಂದಿದ್ದ ಅಳಿವೆ ಅದೇ. ಲೀಟರಿಗೆ 200 ಮಿಲಿಗ್ರಾಂ ಇದ್ದ ಸೋಡಿಯಂ ಮಿತಿಯನ್ನು 440ಕ್ಕೆ, ಕ್ಲೋರೈಡ್ ಮಿತಿಯನ್ನು 250ರಿಂದ 720ಕ್ಕೆ ಏರಿಸಿದರು. ರಕ್ತದೊತ್ತಡ, ಮೂತ್ರಪಿಂಡದ ತೊಂದರೆ ಇದ್ದವರಿಗೆ ಎಚ್ಚರಿಕೆ ಕೊಟ್ಟರು. ಕುದಿಸಿದರೆ ಉಪ್ಪು ಹೋಗುವುದಿಲ್ಲ. ನೀರು ಆವಿಯಾಗಿ ಉಪ್ಪು ಇನ್ನೂ ಗಟ್ಟಿಯಾಗುತ್ತದೆ. ಲೀಬಿಗ್ ಕಂಡೆನ್ಸರಿನಲ್ಲಿ ಆ ಆವಿಯನ್ನು ಹಿಡಿದರೆ ಮಾತ್ರ ಸಿಹಿನೀರು. ಹಣವಿದ್ದವರು ಬಾಟಲಿ ನೀರು ಕೊಂಡರು, ಇಲ್ಲದವರು ಉಪ್ಪುನೀರು ಕುಡಿದರು. ಜೂನ್‌ನಲ್ಲಿ ತುರ್ತುಪರಿಸ್ಥಿತಿ ಘೋಷಣೆಯಾಯಿತು. ಮಳೆ ಬಂದು ಅದು ಮುಗಿದದ್ದು ಆಗಸ್ಟಿನಲ್ಲಿ.

ಇದು ನಡೆದದ್ದು ಎಂಥ ದೇಶದಲ್ಲಿ? ನೀರು ಮನುಷ್ಯನ ಮೂಲಭೂತ ಹಕ್ಕೆಂದು 2004ರಲ್ಲಿ ಜನಮತ ಪಡೆದು ಸಂವಿಧಾನದಲ್ಲೇ ಬರೆದುಕೊಂಡ ದೇಶದಲ್ಲಿ. ಇಂಧನದ ಹಲಗೆಯನ್ನು ಎತ್ತರಿಸಿದವರು ನೀರಿನ ಹಲಗೆಯತ್ತ ನೋಡಿರಲಿಲ್ಲ. 2024ರ ಬೇಸಿಗೆಯಲ್ಲಿ ಬೆಂಗಳೂರಿನ ಕೊಳವೆಬಾವಿಗಳು ಬತ್ತಿ ಟ್ಯಾಂಕರಿಗೆ ಸಾಲು ನಿಂತದ್ದನ್ನು ಕಂಡ ನಮಗೆ ಅವರನ್ನು ಹಂಗಿಸುವ ಹಕ್ಕಿಲ್ಲ.

ಮತ್ತೆ ತರಗತಿಗೆ

ಜೂನ್ ಮೊದಲ ವಾರ ಶಾಲೆಗೆ ಬಂದೆ. ಆ ಮಕ್ಕಳು ಈಗ ಹತ್ತನೇ ತರಗತಿ. ಅಲ್ಮೇರಾದಲ್ಲಿ ಬೀಗ ಹಾಕಿಟ್ಟಿದ್ದ ನಮ್ಮ ಒಂದೇ ಒಂದು ಲೀಬಿಗ್ ಕಂಡೆನ್ಸರನ್ನು ಹೊರತೆಗೆದು ಧೂಳು ಒರೆಸಿ, ಉಪ್ಪುನೀರಿನಿಂದ ಸಿಹಿನೀರು ತೆಗೆದು ತೋರಿಸಿದೆ. ಒಡೆದೀತೆಂಬ ಭಯಕ್ಕೆ ಎಷ್ಟು ವರ್ಷ ಅದನ್ನು ಮುಟ್ಟಿರಲಿಲ್ಲವೋ! ಆಮೇಲೆ ಕಪ್ಪುಹಲಗೆಯ ಮೇಲೆ ಪೀಪಾಯಿ ಬರೆದು, 'ನಿಮ್ಮ ನಿಮ್ಮ ಓದಿನ ಗಿಡ್ಡ ಹಲಗೆ ಯಾವುದು? ಹೆಸರು ಹಾಕದೆ ಚೀಟಿಯಲ್ಲಿ ಬರೆದುಕೊಡಿ' ಎಂದೆ.

ಗಣಿತ, ಇಂಗ್ಲಿಷು, ಮೊಬೈಲು ಎಂದು ಬಹಳ ಮಂದಿ ಬರೆದಿದ್ದರು. ಏಳು ಚೀಟಿಗಳಲ್ಲಿ, ಎಲ್ಲವೂ ಹೆಣ್ಣುಮಕ್ಕಳ ಅಕ್ಷರ, ಒಂದೇ ಉತ್ತರವಿತ್ತು: 'ಸಂಜೆ ಬಸ್ಸು'. ನಾವು ಸಂಜೆ ವಿಶೇಷ ತರಗತಿ ನಡೆಸುತ್ತೇವೆ. ಅದು ಮುಗಿಯುವ ಹೊತ್ತಿಗೆ ಅವರ ಹಳ್ಳಿಗಳ ಕಡೆಗೆ ಬಸ್ಸಿಲ್ಲ. ಅದಕ್ಕೇ ಅವರು ನಡುವೆಯೇ ಎದ್ದು ಹೋಗುತ್ತಿದ್ದರು. ಓದಿನಲ್ಲಿ ಆಸಕ್ತಿಯಿಲ್ಲವೆಂದು ಇಷ್ಟು ದಿನ ಬೈದವನು ನಾನೇ.

ಮರುದಿನದಿಂದ ವಿಶೇಷ ತರಗತಿಯನ್ನು ಬೆಳಿಗ್ಗೆ ಎಂಟೂವರೆಗೆ ಬದಲಿಸಿದೆವು. ಮುಂದಿನ ಬೆಂಚಿನ ಆ ಹುಡುಗಿ ಈಗ ಎಲ್ಲರಿಗಿಂತ ಮೊದಲು ಬಂದು ಕೂರುತ್ತಾಳೆ. 'ಅಲ್ಲಿ ನೋಡೋದಕ್ಕೆ ಏನಿತ್ತು ಸಾರ್?' ಎಂದು ಮತ್ತೆ ಕೇಳಿದಳು. ಅವಳಿಗೆ ಕೊಟ್ಟ ಉತ್ತರವನ್ನೇ ಇಲ್ಲಿ ಬರೆದಿದ್ದೇನೆ. ತಂದೆತಾಯಂದಿರು ಇಂದು ರಾತ್ರಿ ಊಟದ ಹೊತ್ತಿಗೆ ಒಮ್ಮೆ ಆ ಪೀಪಾಯಿಯ ಪ್ರಶ್ನೆಯನ್ನು ತಮ್ಮ ಮಕ್ಕಳಿಗೂ ಕೇಳಿ ನೋಡಲಿ.